'ವಯೋಸಹಜ' ಎಂದು ಬರೆದಿದ್ದ ಆ ಒಂದು ಸಾಲು: ಹೆಪ್ಪು ತೆಗೆದ ಮೇಲೂ ಏಳಲು ತಡವಾದ ರೋಗಿಯೊಬ್ಬರ ಪ್ರಕರಣ

ಈ ಬರಹದಲ್ಲಿ ಬರುವ ರೋಗಿಯನ್ನು ಮನೆಯಾಕೆ ಕರೆಯುತ್ತಿದ್ದಂತೆ 'ಯಜಮಾನರು' ಎಂದೇ ಕರೆದಿದ್ದೇನೆ. ಗುರುತು ಹತ್ತಬಾರದೆಂದು ಊರು, ಮನೆತನಗಳಿಗೆ ಸಂಬಂಧಿಸಿದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾವು ತೆಗೆದುಕೊಂಡ ತೀರ್ಮಾನಗಳನ್ನೂ ಅವುಗಳ ಅನುಕ್ರಮವನ್ನೂ ಹಾಗೆಯೇ ಉಳಿಸಿದ್ದೇನೆ. ಪ್ರಕರಣ ಅಪರೂಪದ್ದಲ್ಲ, ಬರೆಯುತ್ತಿರುವುದೂ ಅದಕ್ಕಾಗಿಯೇ. ಮೆದುಳಿನ ದೊಡ್ಡ ರಕ್ತನಾಳಕ್ಕೆ ನಾವು ಮಾಡಿದ ಚಿಕಿತ್ಸೆ ಅಂದುಕೊಂಡಂತೆಯೇ ಆಯಿತು. ಆದರೆ ರೋಗಿ ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ನಿರ್ಧರಿಸಿದ್ದು, ವರ್ಷಗಳಿಂದ ಯಾರ ಕಣ್ಣಿಗೂ ಬೀಳದೆ ಹಾಳಾಗುತ್ತಾ ಬಂದಿದ್ದ ಸಣ್ಣ ರಕ್ತನಾಳಗಳು.

ಹಿನ್ನೆಲೆ

ಯಜಮಾನರಿಗೆ 71 ವರ್ಷ. ಮಲೆನಾಡಿನ ಅಡಿಕೆ ಮಂಡಿಯೊಂದರಲ್ಲಿ ಬದುಕೆಲ್ಲ ಲೆಕ್ಕ ಬರೆದು ನಿವೃತ್ತರಾದವರು. ಮಗ ತೋಟ ನೋಡಿಕೊಳ್ಳುತ್ತಾರೆ. ಹದಿನೈದು ವರ್ಷಗಳಿಂದ ಬಿ.ಪಿ. ಇದೆ ಎಂದು ಗೊತ್ತಿದ್ದರೂ ಮಾತ್ರೆಯನ್ನು ತಲೆ ಭಾರವೆನಿಸಿದಾಗ ನುಂಗುವುದು, ಒಮ್ಮೆ ತೋರಿಸಿದಾಗ 'ನಾರ್ಮಲ್' ಬಂದರೆ ನಿಲ್ಲಿಸುವುದು ಅವರ ರೂಢಿಯಾಗಿತ್ತು. ಊಟದ ಎಲೆಯಲ್ಲಿ ಅಪ್ಪೆಮಿಡಿ ಇರಲೇಬೇಕು. ಊಟವಾದ ಮೇಲೆ ಹೊಗೆಸೊಪ್ಪು ಹಾಕಿದ ಕವಳ. ಸಕ್ಕರೆ ಕಾಯಿಲೆ ಇರಲಿಲ್ಲ.

ಮೂರು ವರ್ಷಗಳ ಹಿಂದೆ ಅಂಗಳದಲ್ಲಿ ಜಾರಿ ಬಿದ್ದಾಗ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದ್ದರು. ತಲೆಯೊಳಗೆ ರಕ್ತಸ್ರಾವವಿಲ್ಲ, ವಯೋಸಹಜ ರಕ್ತಕೊರತೆಯ ಬದಲಾವಣೆಗಳಿವೆ ಎಂದು ವರದಿ ಹೇಳಿತ್ತು. ಮನೆಯವರು ಮೊದಲರ್ಧವನ್ನು ಓದಿ ನಿಟ್ಟುಸಿರು ಬಿಟ್ಟರು. ಎರಡನೆಯ ಅರ್ಧವನ್ನು ಅಂದು ನೋಡಿದ ವೈದ್ಯರೂ ಮುಂದಕ್ಕೆ ಎತ್ತಿಕೊಂಡಂತಿಲ್ಲ. ಆ ಫಿಲ್ಮು ಮನೆಯ ಬೀರುವಿನಲ್ಲಿ, ಜಮೀನಿನ ಪಹಣಿಗಳ ಜೊತೆ, ಮೂರು ವರ್ಷ ಮಲಗಿತ್ತು.

ಆ ಬೆಳಗಿನ ಪ್ರಶ್ನೆ

ಬೆಳಿಗ್ಗೆ 6.40ಕ್ಕೆ ಕಾಫಿ ಕುಡಿದು ಬಚ್ಚಲಿಗೆ ಹೋದವರು ಹತ್ತು ನಿಮಿಷದಲ್ಲಿ ಬಾಗಿಲ ಬಳಿ ಕುಸಿದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಬಾಯಿ ಎಡಕ್ಕೆ ಎಳೆದಿತ್ತು, ಮಾತು ಹೊರಡಲಿಲ್ಲ. ಲಕ್ವಕ್ಕೆ ನಾಟಿ ಔಷಧ ಕೊಡಿಸೋಣವೆಂದು ನೆರೆಯವರೊಬ್ಬರು ಹೇಳಿದರೂ ಮಗ ಕೇಳದೆ, ಒಂದೂವರೆ ಗಂಟೆಯ ದಾರಿಯನ್ನು ಸ್ವಂತ ಕಾರಿನಲ್ಲೇ ಕ್ರಮಿಸಿ, 8.35ಕ್ಕೆ ನಮ್ಮಲ್ಲಿಗೆ ತಂದರು. ಈ ಪ್ರಕರಣದಲ್ಲಿ ಸರಿಯಾದ ಮೊದಲ ತೀರ್ಮಾನ ಅವರದೇ.

ಪಾರ್ಶ್ವವಾಯುವಿನ ತೀವ್ರತೆಯನ್ನು ಅಳೆಯುವ ಎನ್.ಐ.ಎಚ್. ಮಾಪಕದಲ್ಲಿ, ಅಂದರೆ 0ಯಿಂದ 42ರವರೆಗಿನ ಅಂಕಗಳಲ್ಲಿ, ಅವರಿಗೆ 16 ಬಂತು. ರಕ್ತದೊತ್ತಡ 206/112. ತೂಕ 58 ಕೆ.ಜಿ. ರಕ್ತನಾಳಗಳ ಚಿತ್ರಣದಲ್ಲಿ ಎಡಭಾಗದ ಮಧ್ಯ ಮೆದುಳಿನ ಧಮನಿ ಬುಡದಲ್ಲೇ ಹೆಪ್ಪಿನಿಂದ ಮುಚ್ಚಿಹೋಗಿರುವುದು ಸ್ಪಷ್ಟವಾಗಿತ್ತು. ಹೊಸ ಹಾನಿ ಇನ್ನೂ ಹೆಚ್ಚೇನೂ ಕಾಣುತ್ತಿರಲಿಲ್ಲ. ಇಷ್ಟೇ ಇದ್ದಿದ್ದರೆ ಯೋಚಿಸಬೇಕಾದದ್ದೇನೂ ಇರಲಿಲ್ಲ. ಆದರೆ ಮೆದುಳಿನ ಎರಡೂ ಕಡೆ, ದ್ರವಕೋಶಗಳ ಸುತ್ತ, ಸಿ.ಟಿ. ಚಿತ್ರದಲ್ಲಿ ಬೂದಿ ಬಳಿದಂತೆ ಅಗಲವಾದ ಕಪ್ಪು ಛಾಯೆ ಇತ್ತು. ಒಳಭಾಗದಲ್ಲಿ ಹಳೆಯ ಎರಡು ಪುಟ್ಟ ಕುಳಿಗಳಿದ್ದವು.

ಈ ಛಾಯೆಗೆ ಕೆನಡಾದ ನರರೋಗ ತಜ್ಞ ವ್ಲಾಡಿಮಿರ್ ಹಚಿನ್ಸ್ಕಿ 1987ರಲ್ಲಿ 'ಲ್ಯೂಕೋಅರಾಯೋಸಿಸ್' ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕ್ ಮೂಲದಲ್ಲಿ ಬಿಳಿಯ ಭಾಗ ತೆಳುವಾಗುವುದು ಎಂದು ಅರ್ಥ. ಮೆದುಳಿನ ಆಳಕ್ಕೆ ಇಳಿಯುವ ಕೂದಲೆಳೆಯಂಥ ಧಮನಿಗಳಿಗೆ ಒಂದಕ್ಕೊಂದು ಕೊಂಡಿಗಳು ಇಲ್ಲವೆನ್ನುವಷ್ಟು ಕಡಿಮೆ. ವರ್ಷಗಟ್ಟಲೆ ಏರಿದ ಒತ್ತಡಕ್ಕೆ ಅವುಗಳ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ, ಕೆಲವೆಡೆ ಗೋಡೆ ಸೋರುತ್ತದೆ. ಕಿರಿದಾದಲ್ಲಿ ಬಿಳಿದ್ರವ್ಯ, ಅಂದರೆ ನರತಂತುಗಳು ಹಾದುಹೋಗುವ ಮೆದುಳಿನ ಒಳಭಾಗ, ಸೊರಗುತ್ತದೆ, ಪೂರ್ತಿ ಮುಚ್ಚಿದಲ್ಲಿ 3ರಿಂದ 15 ಮಿಲಿಮೀಟರಿನ ಕುಳಿ ಬೀಳುತ್ತದೆ, ಸೋರಿದಲ್ಲಿ ರಕ್ತದ ಸೂಕ್ಷ್ಮ ಕಲೆ ಉಳಿಯುತ್ತದೆ. ಮೂರೂ ಒಂದೇ ರೋಗದ ಗುರುತುಗಳು.

ನಮ್ಮ ಮುಂದಿದ್ದ ಪ್ರಶ್ನೆ ಇದು: ಗೋಡೆಗಳೇ ಸೋರುವ ಸ್ಥಿತಿಯಲ್ಲಿರುವ ಮೆದುಳಿಗೆ ಹೆಪ್ಪು ಕರಗಿಸುವ ಔಷಧ ಕೊಡಬಹುದೇ? 1995ರ ಅಮೆರಿಕದ ಪ್ರಯೋಗದಲ್ಲಿ ಆಲ್ಟೆಪ್ಲೇಸ್ ಎಂಬ ಈ ಔಷಧವನ್ನು ಪಡೆದವರಲ್ಲಿ ಶೇ 6.4ರಷ್ಟು ಮಂದಿಗೆ ರೋಗಲಕ್ಷಣ ಹೆಚ್ಚಿಸುವ ಮೆದುಳಿನ ರಕ್ತಸ್ರಾವವಾಗಿತ್ತು. ಪಡೆಯದವರಲ್ಲಿ ಅದು ಶೇ 0.6. ಬಿಳಿದ್ರವ್ಯದ ಹಾನಿ ತೀವ್ರವಾಗಿದ್ದವರಲ್ಲಿ ಈ ಅಪಾಯ ಇನ್ನಷ್ಟು ಏರುತ್ತದೆ ಎಂಬುದು ಆನಂತರದ ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಂದು ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರ ಹಿಂಜರಿಕೆ ಅಕಾರಣವಾದುದಲ್ಲ. ಹಾಗೆಂದು ಅಪಾಯ ಹೆಚ್ಚು ಎಂಬುದರಿಂದ ಪ್ರಯೋಜನವಿಲ್ಲ ಎಂದು ಹೇಳಲಾಗದು. 3,035 ರೋಗಿಗಳನ್ನು ಒಳಗೊಂಡಿದ್ದ, ಮುದುಕರೇ ಹೆಚ್ಚಾಗಿದ್ದ ಐ.ಎಸ್.ಟಿ.-3 ಪ್ರಯೋಗದಲ್ಲಿ, ಬಿಳಿದ್ರವ್ಯದ ಹಾನಿ ಇದ್ದವರ ಫಲಿತಾಂಶ ಒಟ್ಟಾರೆ ಕೆಟ್ಟದಾಗಿದ್ದರೂ, ಆ ಹಾನಿಯಿಂದಾಗಿ ಔಷಧದ ಪರಿಣಾಮವೇ ಬದಲಾಗುತ್ತದೆ ಎನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ.

ಎಂ.ಆರ್.ಐ. ಮಾಡಿ ಸೂಕ್ಷ್ಮ ರಕ್ತಕಲೆಗಳನ್ನು ಎಣಿಸಿ ಆಮೇಲೆ ನಿರ್ಧರಿಸೋಣವೇ ಎಂಬ ಸಲಹೆಯೂ ಬಂತು. ಔಷಧಕ್ಕೆ ಮುನ್ನ ಎಲ್ಲರಲ್ಲೂ ಹಾಗೆ ಎಣಿಸುತ್ತಾ ಕೂರಬಾರದು ಎಂಬುದೇ ಅಮೆರಿಕದ 2018ರ ಮಾರ್ಗಸೂಚಿಯ ನಿಲುವು. ನಮ್ಮ ನಿಲುವೂ ಅದೇ ಆಗಿತ್ತು. ನಾಳ ಮುಚ್ಚಿದ ಪ್ರತಿ ನಿಮಿಷವೂ ನರಕೋಶಗಳು ಸಾಯುತ್ತಿರುತ್ತವೆ.

ಮಾಡಿದ್ದು

ಲೆಬೆಟಲಾಲ್ ಕೊಟ್ಟು ಒತ್ತಡವನ್ನು 185/110ಕ್ಕಿಂತ ಕೆಳಗೆ ಇಳಿಸಿದ ಮೇಲೆಯೇ ಔಷಧ ಆರಂಭಿಸಿದೆವು. ಕೆ.ಜಿ.ಗೆ 0.9 ಮಿಲಿಗ್ರಾಂ ಲೆಕ್ಕದಲ್ಲಿ ಒಟ್ಟು 52 ಮಿಲಿಗ್ರಾಂ. ಹತ್ತನೇ ಒಂದು ಭಾಗ ಒಮ್ಮೆಲೇ, ಉಳಿದದ್ದು ಒಂದು ಗಂಟೆಯಲ್ಲಿ. ಗಡಿಯಾರದಲ್ಲಿ 9.10 ಆಗಿತ್ತು. ಔಷಧ ಹೋಗುತ್ತಿರುವಾಗಲೇ ಕ್ಯಾಥ್ ಲ್ಯಾಬಿಗೆ ಒಯ್ದು, ತೊಡೆಸಂದಿನ ಧಮನಿಯಿಂದ ಕೊಳವೆ ಏರಿಸಿ, ಎರಡನೆಯ ಯತ್ನದಲ್ಲಿ ಹೆಪ್ಪನ್ನು ಹೊರತೆಗೆದರು. ಹುರುಳಿಕಾಳಿಗಿಂತ ತುಸು ಉದ್ದವಾದ, ಕಡುಗೆಂಪಿನ ಒಂದು ತುಣುಕು. ಪರದೆಯ ಮೇಲೆ ಬೋಳಾಗಿದ್ದ ಮೆದುಳಿನ ಎಡಭಾಗ ಕ್ಷಣದಲ್ಲಿ ಕವಲೊಡೆದ ಮರದಂತೆ ತುಂಬಿಕೊಂಡಿತು.

ಇಲ್ಲಿ ಮೊದಲ ತಪ್ಪಾಯಿತು. ಅದು ಚಿಕಿತ್ಸೆಯಲ್ಲಾದ ತಪ್ಪಲ್ಲ, ಆಡಿದ ಮಾತಿನಲ್ಲಾದದ್ದು. ಲ್ಯಾಬಿನಿಂದ ಹೊರಬಂದ ನಮ್ಮ ತಂಡದವರೊಬ್ಬರು ಮಗನಿಗೆ, "ನಾಳ ಪೂರ್ತಿ ತೆರೆದುಕೊಂಡಿದೆ, ಇನ್ನು ಯೋಚನೆ ಮಾಡ್ಬೇಡಿ, ಎದ್ದು ಓಡಾಡ್ತಾರೆ" ಎಂದರು. ಆ ಸಂತೋಷ ಅರ್ಥವಾಗುವಂಥದ್ದೇ. ಆದರೆ 2015ರ ಐದು ಪ್ರಮುಖ ಪ್ರಯೋಗಗಳ 1,287 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಪ್ಪು ತೆಗೆಸಿಕೊಂಡವರಲ್ಲಿ ಮೂರು ತಿಂಗಳ ನಂತರ ಸ್ವತಂತ್ರವಾಗಿ ಬದುಕುವ ಸ್ಥಿತಿ ತಲುಪಿದವರು ಶೇ 46. ತೆಗೆಸಿಕೊಳ್ಳದವರಲ್ಲಿ ಶೇ 26.5. ಚಿಕಿತ್ಸೆಯ ಗೆಲುವು ದೊಡ್ಡದು, ನಿಜ. ಆದರೂ ಗೆದ್ದವರ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಆ ಸ್ಥಿತಿಗೆ ತಲುಪಲಿಲ್ಲ. ಬೆಳಗಿನ ಸಿ.ಟಿ.ಯಲ್ಲಿದ್ದ ಛಾಯೆಯನ್ನು ನೋಡಿದ್ದ ನಾವು ಆ ಮಾತನ್ನು ಆಡಬಾರದಿತ್ತು.

ಏನಾಯಿತು

ಮರುದಿನ ಅಂಕ 16ರಿಂದ 9ಕ್ಕೆ ಇಳಿದಿತ್ತು. ಬಲಗೈ ಎತ್ತುತ್ತಿದ್ದರು. 24 ಗಂಟೆಯ ಸಿ.ಟಿ.ಯಲ್ಲಿ ಮೆದುಳಿನ ಒಳಗಂಟುಗಳ ಭಾಗದಲ್ಲಿ ಹೊಸ ಹಾನಿ, ಅದರೊಳಗೆ ಸಾಸಿವೆ ಚೆಲ್ಲಿದಂತೆ ರಕ್ತದ ಚುಕ್ಕಿಗಳು. ರಕ್ತ ಗಡ್ಡೆ ಕಟ್ಟಿರಲಿಲ್ಲ. ರೋಗಿಯ ಸ್ಥಿತಿಯೂ ಹದಗೆಟ್ಟಿರಲಿಲ್ಲ. ಎರಡನೆಯ ದಿನ ಮಾನಿಟರಿನಲ್ಲಿ ಹೃದಯದ ಲಯ ಅಡ್ಡಾದಿಡ್ಡಿಯಾಗಿ ಓಡಿದ್ದು ಸಿಕ್ಕಿತು: ಏಟ್ರಿಯಲ್ ಫಿಬ್ರಿಲೇಶನ್. ದೊಡ್ಡ ಹೆಪ್ಪು ಬಹುಮಟ್ಟಿಗೆ ಹೃದಯದಿಂದಲೇ ಬಂದದ್ದು.

ನಾಲ್ಕನೆಯ ದಿನದ ಹೊತ್ತಿಗೆ ಕೈಕಾಲಿನ ಬಲ ಬಹುಪಾಲು ಮರಳಿತ್ತು. ಆದರೆ ಯಜಮಾನರು ಏಳಲಿಲ್ಲ. ಹಿಡಿದು ನಿಲ್ಲಿಸಿದರೆ ಪಾದ ನೆಲಕ್ಕೆ ಅಂಟಿದಂತೆ ನಿಲ್ಲುವರು. ನಡೆಸಿದರೆ ಗೇಣುದ್ದದ ಹೆಜ್ಜೆ. ಹಾಸಿಗೆಯಲ್ಲೇ ಮೂತ್ರ ಹೋಗುತ್ತಿತ್ತು. ತಾವಾಗಿ ಏನೂ ಕೇಳುತ್ತಿರಲಿಲ್ಲ, ಊಟವನ್ನು ಕೂಡ. ಫಿಸಿಯೊಥೆರಪಿಯ ಚೀಟಿಯಲ್ಲಿ ಮೂರು ದಿನ ಸತತವಾಗಿ 'ರೋಗಿ ಸಹಕರಿಸುತ್ತಿಲ್ಲ' ಎಂದು ಬರೆದಿತ್ತು. ಮಗನ ಪ್ರಶ್ನೆ ನೇರವಾಗಿತ್ತು: "ಡಾಕ್ಟ್ರೇ, ನಾಳ ತೆಗ್ದಿದ್ದೀವಿ ಅಂದ್ರಿ. ಅಪ್ಪಯ್ಯ ಯಾಕೆ ಏಳ್ತಿಲ್ಲ?"

ಐದನೆಯ ದಿನ ಎಂ.ಆರ್.ಐ. ಮಾಡಿದೆವು. ಹೊಸ ಹಾನಿ ಇಷ್ಟೆಲ್ಲವನ್ನು ವಿವರಿಸುವಷ್ಟು ದೊಡ್ಡದಾಗಿರಲಿಲ್ಲ. ಅದರ ಸುತ್ತಲಿನ ಮೆದುಳು ಮಾತ್ರ ಬೇರೆಯೇ ಕಥೆ ಹೇಳುತ್ತಿತ್ತು: ಬಿಳಿದ್ರವ್ಯದ ಹಾನಿ ಫಝೆಕಾಸ್ ಶ್ರೇಣಿಯಲ್ಲಿ 3, ಅಂದರೆ ಕೊನೆಯ ಮೆಟ್ಟಿಲು, ಆಳದ ಭಾಗಗಳಲ್ಲಿ ಮತ್ತು ಮೆದುಳುಕಾಂಡದಲ್ಲಿ 14 ಸೂಕ್ಷ್ಮ ರಕ್ತಕಲೆಗಳು. ಕಲೆಗಳು ಮೇಲ್ಪದರದಲ್ಲಿದ್ದರೆ ನಾಳದ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಕೂಡಿಕೊಂಡಿರುವ ಅನುಮಾನ ಬರುತ್ತದೆ. ಆಳದಲ್ಲಿ ಮಾತ್ರ ಇದ್ದಾಗ ಬೆರಳು ಬಿ.ಪಿ.ಯತ್ತ ತೋರಿಸುತ್ತದೆ.

ಹತ್ತಕ್ಕಿಂತ ಹೆಚ್ಚು ಕಲೆಗಳಿದ್ದರೆ ಹೆಪ್ಪು ಕರಗಿಸುವ ಔಷಧದಿಂದ ರಕ್ತಸ್ರಾವದ ಅಪಾಯ ಗಣನೀಯವಾಗಿ ಏರುತ್ತದೆ ಎಂಬುದು ತಿಳಿದ ವಿಷಯ. ಹಾಗಾದರೆ ಅಂದು ಬೆಳಿಗ್ಗೆಯೇ ಈ ಸಂಖ್ಯೆ ಗೊತ್ತಿದ್ದರೆ ಆಲ್ಟೆಪ್ಲೇಸ್ ಕೊಡುತ್ತಿದ್ದೆವೇ? ನಮ್ಮಲ್ಲೇ ಒಮ್ಮತ ಮೂಡಲಿಲ್ಲ. ನನ್ನ ಮಟ್ಟಿಗೆ, ಕ್ಯಾಥ್ ಲ್ಯಾಬು ಪಕ್ಕದಲ್ಲೇ ಇರುವ ಆಸ್ಪತ್ರೆಯಲ್ಲಿ ಬಹುಶಃ ಔಷಧ ಬಿಟ್ಟು ನೇರವಾಗಿ ಹೆಪ್ಪು ತೆಗೆಯಲು ಹೋಗುತ್ತಿದ್ದೆ; ಲ್ಯಾಬು ಮೂರು ಗಂಟೆ ದೂರದಲ್ಲಿದ್ದರೆ ಅದೇ ರೋಗಿಗೆ, ಮನೆಯವರಿಗೆ ಅಪಾಯ ತಿಳಿಸಿ, ಔಷಧ ಕೊಡುತ್ತಿದ್ದೆ.

ತಿರುವು

ಪ್ರಕರಣದ ದಿಕ್ಕು ಬದಲಾದದ್ದು ಎಂ.ಆರ್.ಐ.ಯಿಂದಲ್ಲ, ಯಜಮಾನರ ಹೆಂಡತಿಯೊಡನೆ ಕುಳಿತು ಆಡಿದ ಅರ್ಧ ಗಂಟೆಯ ಮಾತಿನಿಂದ. ದಾಖಲಾದ ಬೆಳಿಗ್ಗೆ 'ಮೊದಲು ಹೇಗಿದ್ದರು' ಎಂಬ ಅಂಕಣದಲ್ಲಿ, ಅವಲಂಬನೆ ಅಳೆಯುವ ರ‍್ಯಾಂಕಿನ್ ಮಾಪಕದ ಪ್ರಕಾರ, ನಾವು 0, ಅಂದರೆ ಯಾವ ತೊಂದರೆಯೂ ಇಲ್ಲ, ಎಂದು ತುಂಬಿದ್ದೆವು. ಮಗ 'ಆರಾಮಾಗಿದ್ರು' ಎಂದದ್ದೇ ಅದಕ್ಕೆ ಆಧಾರ. ಅಮ್ಮ ಹೇಳಿದ್ದು ಬೇರೆ. ಎರಡು ವರ್ಷದಿಂದ ಯಜಮಾನರ ನಡಿಗೆ ಸಣ್ಣದಾಗಿತ್ತು, ಹೊಸ್ತಿಲು ದಾಟುವಾಗ ತಡೆದು ನಿಲ್ಲುತ್ತಿದ್ದರು. ಮೂತ್ರಕ್ಕೆ ಅವಸರವಾಗಿ ಬಚ್ಚಲು ತಲುಪುವುದರೊಳಗೆ ಪಂಚೆ ಒದ್ದೆಯಾಗುತ್ತಿತ್ತು. ಪ್ರಾಸ್ಟೇಟ್ ಎಂದು ಮಾತ್ರೆ ನಡೆದಿತ್ತು. ಬದುಕೆಲ್ಲ ಕಿರ್ದಿ ಬರೆದವರು ಹಾಲಿನ ಲೆಕ್ಕವನ್ನು ಎರಡೆರಡು ಸಲ ಕೂಡಿಸಿ ಕೊನೆಗೆ ಪುಸ್ತಕವನ್ನು ಸೊಸೆಯ ಕಡೆ ದೂಡಿದ್ದರು. "ವಯಸ್ಸಾಯ್ತಲ್ಲ ಅಂತ ನಾನೂ ಸುಮ್ಮನಿದ್ದೆ" ಎಂದರು ಆಕೆ.

ಎಂದರೆ, ಲಕ್ವ ಬಡಿಯುವ ಮೊದಲೇ ಅವರು 0 ಆಗಿರಲಿಲ್ಲ. 1, ಬಹುಶಃ 2. ನಾವು ತಪ್ಪು ಮೆಟ್ಟಿಲಿನಿಂದ ಎಣಿಸಲು ಶುರುಮಾಡಿದ್ದೆವು. ನಡಿಗೆ, ಮೂತ್ರದ ಹಿಡಿತ, ಯೋಚನೆಯ ವೇಗ, ತಾನಾಗಿ ಮುಂದಾಗುವ ಮನಸ್ಸು, ಇವೆಲ್ಲ ಮೆದುಳಿನ ಮುಂಭಾಗವನ್ನು ಉಳಿದ ಭಾಗಗಳೊಡನೆ ಬೆಸೆಯುವ ಉದ್ದನೆಯ ತಂತುಗಳನ್ನು ಅವಲಂಬಿಸಿವೆ. ಆ ತಂತುಗಳು ಬಿಳಿದ್ರವ್ಯದಲ್ಲೇ ಹಾದುಹೋಗುತ್ತವೆ. ಆರೋಗ್ಯವಾಗಿರುವ ಮೆದುಳು ಒಂದು ಭಾಗ ಕಳೆದುಕೊಂಡಾಗ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಯಜಮಾನರ ಮೆದುಳು ಇದ್ದಬದ್ದ ಸುತ್ತುದಾರಿಗಳನ್ನೆಲ್ಲ ಮೊದಲೇ ಬಳಸಿ ಮುಗಿಸಿತ್ತು. ಸಣ್ಣ ನಾಳಗಳ ರೋಗ ಹೆಚ್ಚಿದ್ದವರಲ್ಲಿ, ದೊಡ್ಡ ನಾಳ ಮುಚ್ಚಿದಾಗ ಅಕ್ಕಪಕ್ಕದಿಂದ ಬಂದು ಕಾಯುವ ರಕ್ತದ ಹರಿವೂ ದುರ್ಬಲವಾಗಿರಬಹುದು. ನಾಲ್ಕು ಗಂಟೆ ಕಾಯಬಲ್ಲ ಮೆದುಳು ಎರಡು ಗಂಟೆಗೇ ಸೋಲುವುದು ಇದರಿಂದ.

ಇದನ್ನು ಮಗನಿಗೆ ಹೇಗೆ ಹೇಳುವುದೆಂದು ನಾನು ಚಿತ್ರ ಬರೆಯುತ್ತಿದ್ದಾಗ ಆತನೇ ಹೇಳಿಬಿಟ್ಟರು: "ಮೇನ್ ಪೈಪಿನ ಬ್ಲಾಕ್ ತೆಗ್ದ್ರೂ, ಡ್ರಿಪ್ಪಿನ ತೂತೆಲ್ಲ ಮೊದ್ಲೇ ಕಟ್ಟಿದ್ರೆ ಬುಡಕ್ಕೆ ನೀರು ಎಲ್ಲಿ ಹೋಗ್ತದೆ?" ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಆ ದಿನದಿಂದ ಮಗನ ಕೋಪ ಇಳಿಯಿತು.

ಅನಂತರದ ಮೂರು ತೀರ್ಮಾನಗಳು ಫಲಿತಾಂಶದ ಮೇಲೆ ನೇರ ಪರಿಣಾಮ ಬೀರಿದವು. ಮೊದಲನೆಯದು ಖಿನ್ನತೆಯ ಮಾತ್ರೆಯ ಬಗ್ಗೆ. ಸುಮ್ಮನೆ ಕೂರುವ ರೋಗಿಗೆ ಅದನ್ನು ಬರೆದುಬಿಡುವುದು ಸುಲಭ. ಚೀಟಿಯಲ್ಲಿ ಬರೆದೂ ಆಗಿತ್ತು. ಆದರೆ ಯಜಮಾನರಲ್ಲಿ ದುಃಖವಿರಲಿಲ್ಲ, ನಿದ್ದೆ ಕೆಟ್ಟಿರಲಿಲ್ಲ, ಮೊಮ್ಮಗಳು ಬಂದರೆ ಮುಖ ಅರಳುತ್ತಿತ್ತು. ಪ್ರಶ್ನೆ ಕೇಳಿ ಹತ್ತು ಹದಿನೈದು ಸೆಕೆಂಡು ಕಾದರೆ ಸರಿಯುತ್ತರವೇ ಬರುತ್ತಿತ್ತು. ಅಷ್ಟು ಹೊತ್ತು ಯಾರೂ ಕಾಯುತ್ತಿರಲಿಲ್ಲ, ಅಷ್ಟೆ. ಇದು ಖಿನ್ನತೆಯಲ್ಲ, ಪ್ರೇರಣೆಯ ಮಂಕು. ಆ ಮಾತ್ರೆಗಳು ರಕ್ತಸ್ರಾವದ ಒಲವನ್ನೂ ತುಸು ಹೆಚ್ಚಿಸುವುದರಿಂದ ಅದನ್ನು ಹೊಡೆದುಹಾಕಿದೆವು. ಅರ್ಧ ಗಂಟೆಯ ವ್ಯಾಯಾಮವನ್ನು ಹತ್ತು ನಿಮಿಷದ ಮೂರು ತುಂಡು ಮಾಡಿದೆವು, ಒಂದು ಹೊತ್ತಿಗೆ ಒಂದೇ ಸೂಚನೆ, ನೆಲದ ಮೇಲೆ ದಾಟಲು ಬಿಳಿ ಟೇಪಿನ ಪಟ್ಟಿಗಳು. ಎರಡು ಗಂಟೆಗೊಮ್ಮೆ ಕೇಳದಿದ್ದರೂ ಬಚ್ಚಲಿಗೆ ಕರೆದೊಯ್ಯುವ ಪಾಠ. ಒಂಬತ್ತನೆಯ ದಿನ ಅವರು ಟೇಪಿನ ಆರು ಪಟ್ಟಿ ದಾಟಿ ಕಿಟಕಿಯವರೆಗೆ ಹೋದರು. ಚೀಟಿಯಲ್ಲಿ 'ಸಹಕರಿಸುತ್ತಿಲ್ಲ' ಎಂಬ ಸಾಲು ಮತ್ತೆ ಬರಲಿಲ್ಲ.

ಎರಡನೆಯದು ರಕ್ತ ತೆಳುವಾಗಿಸುವ ಮಾತ್ರೆ. ಹೃದಯ ಹೆಪ್ಪು ಕಳಿಸುತ್ತಿದೆ, ಮೆದುಳಿನಲ್ಲಿ 14 ಸೋರಿಕೆಯ ಗುರುತುಗಳಿವೆ. ಕೊಟ್ಟರೆ ಒಂದು ಭಯ, ಬಿಟ್ಟರೆ ಇನ್ನೊಂದು. 2019ರಲ್ಲಿ ಪ್ರಕಟವಾದ, 20 ಸಾವಿರಕ್ಕೂ ಹೆಚ್ಚು ರೋಗಿಗಳ ಅಂತರರಾಷ್ಟ್ರೀಯ ವಿಶ್ಲೇಷಣೆಯಲ್ಲಿ, ಕಲೆಗಳ ಸಂಖ್ಯೆ ಏರಿದಂತೆ ರಕ್ತಸ್ರಾವದ ಅಪಾಯ ಏರಿದರೂ, ಎಷ್ಟೇ ಕಲೆಗಳಿದ್ದರೂ ಮತ್ತೆ ಹೆಪ್ಪಿನಿಂದ ಲಕ್ವವಾಗುವ ಸಾಧ್ಯತೆಯೇ ಅದಕ್ಕಿಂತ ಹೆಚ್ಚು ಎಂದು ಕಂಡಿತ್ತು. ಹನ್ನೆರಡನೆಯ ದಿನ ಎಪಿಕ್ಸಬಾನ್ ಆರಂಭಿಸಿದೆವು. ಇಂದಾದರೆ ಅಷ್ಟು ದಿನ ಕಾಯುತ್ತಿರಲಿಲ್ಲವೇನೋ. ಕಲೆಗಳ ಹೆದರಿಕೆಯಲ್ಲಿ ಅರ್ಧ ಡೋಸು ಕೊಡೋಣವೆಂಬ ಆಸೆ ಎಲ್ಲರಿಗೂ ಬಂದಿತ್ತು. ಆದರೆ ಡೋಸು ಇಳಿಸಲು ವಯಸ್ಸು 80 ಅಥವಾ ಅದಕ್ಕಿಂತ ಹೆಚ್ಚಿರುವುದು, ತೂಕ 60 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇರುವುದು, ಕ್ರಿಯಾಟಿನಿನ್ 1.5 ಅಥವಾ ಅದಕ್ಕಿಂತ ಹೆಚ್ಚಿರುವುದು, ಈ ಮೂರರಲ್ಲಿ ಎರಡಾದರೂ ಇರಬೇಕು. ಯಜಮಾನರಿಗೆ ಇದ್ದದ್ದು ತೂಕವೊಂದೇ. 5 ಮಿಲಿಗ್ರಾಂ, ದಿನಕ್ಕೆ ಎರಡು ಸಲ ಎಂದೇ ಬರೆದೆವು. ಅರ್ಧ ಡೋಸು ವೈದ್ಯನ ಹೆದರಿಕೆಗೆ ಔಷಧವಾದೀತೇ ಹೊರತು ರೋಗಿಯ ಹೆಪ್ಪಿಗಲ್ಲ.

ಐದನೆಯ ವಾರದಲ್ಲಿ ಒಂದು ಅವಘಡ ಕೂದಲೆಳೆಯಲ್ಲಿ ತಪ್ಪಿತು. ಆಸ್ಪತ್ರೆಯಲ್ಲಿ ಆರಂಭದ ದಿನಗಳಲ್ಲಿ ಕೊಟ್ಟಿದ್ದ ಆಸ್ಪಿರಿನ್ ಚೀಟಿ ಮನೆಯಲ್ಲೇ ಉಳಿದು, ಯಜಮಾನರು ಎರಡೂ ಮಾತ್ರೆಗಳನ್ನು ನುಂಗುತ್ತಿದ್ದರು. ಬಿಡುಗಡೆಯ ಪತ್ರದಲ್ಲಿ ಹೊಸ ಮಾತ್ರೆಯನ್ನು ಬರೆದಿದ್ದೆವೇ ಹೊರತು, ಹಳೆಯದನ್ನು ನಿಲ್ಲಿಸಿ ಎಂದು ಕನ್ನಡದಲ್ಲಿ ಬರೆದಿರಲಿಲ್ಲ. ಒಸಡಿನಲ್ಲಿ ರಕ್ತ ಬರುತ್ತದೆಂದು ಸೊಸೆ ಫೋನು ಮಾಡಿದ್ದರಿಂದ ಗೊತ್ತಾಯಿತು.

ಮೂರು ತಿಂಗಳಲ್ಲಿ ಅವರು ರ‍್ಯಾಂಕಿನ್ ಮಾಪಕದಲ್ಲಿ 3ಕ್ಕೆ ನಿಂತರು: ಕೋಲು ಹಿಡಿದು ತಾವೇ ನಡೆಯುತ್ತಾರೆ, ತಾವೇ ಉಣ್ಣುತ್ತಾರೆ, ಸ್ನಾನಕ್ಕೆ ಒಬ್ಬರು ಬೇಕು, ದುಡ್ಡಿನ ವ್ಯವಹಾರ ಆಗದು. ನಾಳ ತೆರೆದರೂ ರೋಗಿ ಸ್ವತಂತ್ರನಾಗದ ಇಂಥ ಫಲಿತಾಂಶಕ್ಕೆ ವೈದ್ಯಕೀಯ ಬರಹಗಳಲ್ಲಿ 'ನಿಷ್ಫಲ' ಎಂಬರ್ಥದ ಹೆಸರಿದೆ. ಆ ಪದ ನನಗೆ ಒಪ್ಪಿಗೆಯಿಲ್ಲ. ಹೆಪ್ಪು ಹಾಗೇ ಉಳಿದಿದ್ದರೆ ಅವರು ಮಾತಿಲ್ಲದೆ, ಬಲಗೈಯಿಲ್ಲದೆ ಹಾಸಿಗೆಯಲ್ಲಿರುವ ಸಾಧ್ಯತೆಯೇ ಹೆಚ್ಚಿತ್ತು.

ಕಲಿತದ್ದು ಮತ್ತು ಬದಲಿಸಿದ್ದು

ಸ್ಕ್ಯಾನಿನಲ್ಲಿ ಬಿಳಿದ್ರವ್ಯದ ಹಾನಿ ಕಂಡಿತೆಂದು ಚಿಕಿತ್ಸೆ ನಿಲ್ಲಿಸುವುದು ಈ ಪ್ರಕರಣದ ಪಾಠವಲ್ಲ. ಹಾಗೆ ಓದಿಕೊಂಡವರು ತಪ್ಪು ಓದಿಕೊಂಡಂತೆ. ಆ ಛಾಯೆ ಹೇಳುವುದು ಮುಂದಿನ ಹಾದಿ ಎಷ್ಟು ಏರಾಗಿದೆ ಎಂಬುದನ್ನು. ಈಗ ನಮ್ಮಲ್ಲಿ ಹೆಪ್ಪು ತೆಗೆದ ನಂತರ ಮನೆಯವರ ಮುಂದೆ ಎರಡು ಸಂಗತಿಗಳನ್ನು ಬೇರೆಬೇರೆಯಾಗಿಯೇ ಹೇಳುತ್ತೇವೆ: ನಾಳದ ಸ್ಥಿತಿ ಒಂದು, ಮೆದುಳಿನ ಸ್ಥಿತಿ ಇನ್ನೊಂದು. 'ಮೊದಲು ಹೇಗಿದ್ದರು' ಎಂಬ ಅಂಕಣವನ್ನು 24 ಗಂಟೆಯೊಳಗೆ, ಜೊತೆಯಲ್ಲೇ ಬದುಕುವವರನ್ನು ಕೇಳಿ, ಮತ್ತೊಮ್ಮೆ ತುಂಬುತ್ತೇವೆ. ನಡಿಗೆ, ಮೂತ್ರ, ಲೆಕ್ಕ, ಈ ಮೂರನ್ನು ಹೆಸರು ಹಿಡಿದು ಕೇಳುತ್ತೇವೆ. 'ವಯೋಸಹಜ' ಎಂಬ ಪದವನ್ನು ವರದಿಗಳಿಂದ ತೆಗೆದು ಫಝೆಕಾಸ್ ಅಂಕವನ್ನೇ ಬರೆಯಿರಿ ಎಂದು ವಿಕಿರಣ ತಜ್ಞರನ್ನು ಕೇಳಿಕೊಂಡೆವು. ಒಬ್ಬರು ಒಪ್ಪಿದರು, ಇನ್ನೊಬ್ಬರ ವರದಿಯಲ್ಲಿ ಆ ಪದ ಈಗಲೂ ಬರುತ್ತದೆ.

ಮೂರನೆಯ ತೀರ್ಮಾನ ಬಿ.ಪಿ.ಯದ್ದು, ಅದು ಇನ್ನೂ ಮುಗಿದಿಲ್ಲ. ಕುಳಿ ಬಿದ್ದ ಮೆದುಳಿನ ರೋಗಿಗಳ ಮೇಲೆ ನಡೆದ ಎಸ್.ಪಿ.ಎಸ್.-3 ಪ್ರಯೋಗದಲ್ಲಿ ಮೇಲಿನ ಒತ್ತಡವನ್ನು 130ಕ್ಕಿಂತ ಕೆಳಗಿಡಲು ಯತ್ನಿಸಿದವರಲ್ಲಿ ಮೆದುಳಿನ ರಕ್ತಸ್ರಾವ ಕಡಿಮೆಯಾಗಿತ್ತು; ನಾವೂ ಅದೇ ಗುರಿ ಹಾಕಿಕೊಂಡೆವು. ಮಗ ಒಂದು ಬಿ.ಪಿ. ಯಂತ್ರ ತಂದರು. ಸೊಸೆ ಅಳೆಯುತ್ತಾರೆ, ಬರೆಯುವ ಕೆಲಸವನ್ನು ಮಾತ್ರ ಯಜಮಾನರಿಗೇ ಬಿಟ್ಟಿದ್ದಾರೆ. ಒಂದು ವರ್ಷದ ಭೇಟಿಗೆ ಅವರು ತಂದದ್ದು ಕೆಂಪು ಬಟ್ಟೆಯ ಬೆನ್ನಿನ ಕಿರ್ದಿ ಪುಸ್ತಕ. ನಡುವೆ ಗೆರೆ, ಎಡಕ್ಕೆ ಬೆಳಗಿನದು, ಬಲಕ್ಕೆ ರಾತ್ರಿಯದು, ಅಕ್ಷರ ನಡುಗಿತ್ತು, ಸಾಲು ಸೊಟ್ಟಗಿರಲಿಲ್ಲ. ಎಡಗಡೆಯೆಲ್ಲ 126, 124, 128. ಬಲಗಡೆ 148, 152, 146. ಬೆಳಗಿನ ಹೊತ್ತಿನಲ್ಲಿ ಮಾತ್ರ ಅಳೆಯುವ ನಮ್ಮ ಹೊರರೋಗಿ ವಿಭಾಗಕ್ಕೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ. ಅಂದು ರಾತ್ರಿಗೊಂದು ಮಾತ್ರೆ ಸೇರಿಸಿದೆವು.